ಎಡಭುಜಕ್ಕೆ ಹಾರಿದ ನವಿಲು

"ಬನ್ನಿ ಚನ್ನಾಜಮ್ಮ, ಪ್ರಪಂಚದಲ್ಲೇ ಮೊದಲು!" ಎಂದು ಪಕ್ಕದ ಮನೆಯ ವೃಷಭೇಂದ್ರಯ್ಯ ಮೇಷ್ಟ್ರು ನನ್ನನ್ನು ಹೊಲಿಗೆ ಮಿಷನ್ನಿನ ಮುಂದಿನಿಂದ ಎಬ್ಬಿಸಿದಾಗಲೇ ನನಗೆ ಅರ್ಧ ಸಿಟ್ಟು ಬಂದಿತ್ತು. ಮದುಮಗಳ ಬ್ಲೌಸು ಸಂಜೆಯೊಳಗೆ ಕಲ್ಯಾಣ ಮಂಟಪ ಸೇರಬೇಕು. ಅದರ ಬಲಭುಜದ ಮೇಲೊಂದು ಜರಿಯ ನವಿಲು. ಆರು ವಾರ ಕೂತು ಹೊಲಿದಿದ್ದೆ.

ಅವರ ಯಂತ್ರವೋ, ನೀರಿನ ಡ್ರಮ್ಮಿಗೆ ಕೊಳವೆ ಸಿಕ್ಕಿಸಿ, ಪಕ್ಕಕ್ಕೊಂದು ಹಿಡಿಕೆ ಇಟ್ಟಿದ್ದು. ಕೊಳವೆಯ ಬಾಯಿ ನೇರ ನನ್ನ ಅಂಗಡಿಯ ಗೋಡೆಗೆ!

"ಇದರೊಳಗೆ ಮೆಸಾನ್ ಅನ್ನೋ ಕಣಗಳು ಹುಟ್ಟಿದ ಕೂಡಲೇ ಒಡೆದುಹೋಗ್ತವೆ. ನೂರು ಕೋಟಿಗೆ ಒಂದು ಮಾತ್ರ ಬೇರೆ ಥರ ಒಡೆಯುತ್ತೆ. ಅದು ಸಿಕ್ಕಿ ಯಾವ ಕಡೆ ಹಾರುತ್ತೆ ಅಂತ ಕಂಡರೆ ಪ್ರಕೃತಿ ಎಡ, ಬಲ ಅಂತ ಭೇದ ಮಾಡುತ್ತಾ ಇಲ್ವಾ ಗೊತ್ತಾಗುತ್ತೆ!"

"ಅದಕ್ಕೆ ಯಂತ್ರ ಯಾಕೆ? ಬೀಗರಿಗೆ ಎಡಗೈಲಿ ತಾಂಬೂಲ ಕೊಟ್ಟು ನೋಡಿ!"

ಅವರ ಹೆಂಡತಿ ಸರ್ವಮಂಗಳಮ್ಮ ಡ್ರಮ್ಮಿಗೆ ಕುಂಕುಮ ಇಟ್ಟು ಹಿಡಿಕೆ ಹಿಡಿದರು.

"ಎಡಕ್ಕೆ ತಿರುಗಿಸೇ!"

"ಹೊಸ ಯಂತ್ರಾನ ಯಾರಾದ್ರೂ ಅಪ್ರದಕ್ಷಿಣೆಯಾಗಿ ಶುರು ಮಾಡ್ತಾರೇನ್ರೀ?" ಎಂದವರೇ ಬಲಕ್ಕೆ ಮೂರು ಸಲ ತಿರುಗಿಸೇಬಿಟ್ಟರು!

ಡ್ರಮ್ಮು ಗುಂಯ್ ಎಂದಿತು. ಸಾಕಪ್ಪಾ ಎಂದು ಅಂಗಡಿಗೆ ಬಂದರೆ ಕತ್ತರಿ ನನ್ನ ಕೈಗೆ ಒಗ್ಗುತ್ತಿಲ್ಲ. ಟೇಪಿನ ಅಂಕಿಗಳೆಲ್ಲ ಉಲ್ಟಾ. ನವಿಲು ಬ್ಲೌಸಿನ ಎಡಭುಜದಲ್ಲಿ! ಸೆರಗು ಹೊದ್ದರೆ ಅದರ ಕೊಕ್ಕೂ ಕಾಣದು. ಸಿಟ್ಟಿನಿಂದ ಬ್ಲೌಸು ಅಲ್ಲೇ ಬಿಟ್ಟು ಮತ್ತೆ ಯಂತ್ರದ ಹತ್ತಿರ ಓಡಿದೆ.

"ಮೇಷ್ಟ್ರೇ, ನನ್ನ ನವಿಲು ಮೊದಲಿದ್ದ ಕಡೆಗೆ ಬರಬೇಕು!"

"ಆಹಾ, ಕನ್ನಡಿಯೊಳಗಿನ ಹಾಗಾಯ್ತಾ? ಎಡಕ್ಕೆ ತಿರುಗಿಸಿದರೆ ಸರಿಹೋಗುತ್ತೆ. ಆದರೆ ಆ ಒಂದು ಮೆಸಾನ್ ಸಿಗೋವರೆಗೂ ಮುಟ್ಟೋ ಹಾಗಿಲ್ಲ."

"ಎಷ್ಟು ಹೊತ್ತು?"

"ನಾಲ್ಕೈದು ವರ್ಷ."

ನಾನು ಹಿಡಿಕೆಗೆ ಕೈ ಹಾಕಿದೆ. "ಬೇಡ!" ಎಂದು ಮೇಷ್ಟ್ರು ಓಡಿಬಂದು ಕೊಳವೆಯ ಬಾಯಿಗೇ ಎದೆ ಕೊಟ್ಟು ತಬ್ಬಿಕೊಂಡರು. "ಅಶುಭ ಕಣ್ರೀ ಚನ್ನಾಜಮ್ಮ!" ಎಂದು ಸರ್ವಮಂಗಳಮ್ಮ ನನ್ನ ಸೆರಗು ಜಗ್ಗಿದರು.

"ಮದುಮಗಳಿಗೆ ಬ್ಲೌಸು ಇಲ್ಲದಿರೋದು ಶುಭವೇನ್ರೀ?" ಎಂದು ಎಡಕ್ಕೆ ಒಂದು, ಎರಡು, ಮೂರು ಸಲ ತಿರುಗಿಸಿದೆ. ಟಪ್! ಡ್ರಮ್ಮು ಸುಟ್ಟು ಕರಕಲಾಯಿತು. ಅದರಿಂದೊಂದು ಉದ್ದನೆಯ ಚೀಟಿ ಹೊರಗೆ ಬಿತ್ತು.

"ಸಿಕ್ಕಿತು! ಆ ಒಂದು ಮೆಸಾನ್ ಸಿಕ್ಕೇಬಿಟ್ಟಿತು! ಬಲಕ್ಕೆ ಹಾರಿದೆ!" ಎಂದು ಚೀಟಿ ನೋಡಿದ ಮೇಷ್ಟ್ರು ಎಡಗೈ ಎತ್ತಿ ಕುಣಿದರು.

"ಅದು ಎಡಗೈ ಕಣ್ರೀ! ಅಯ್ಯೋ, ನಿಮ್ಮ ಎಡಗೆನ್ನೆ ಮಚ್ಚೆ ಬಲಗೆನ್ನೆಗೆ ಬಂದಿದೆ!" ಎಂದು ಸರ್ವಮಂಗಳಮ್ಮ ಕಿರುಚಿದರು.

ಅವರ ಜಗಳ ಬಿಡಿಸುವಷ್ಟು ವ್ಯವಧಾನ ನನಗಿರಲಿಲ್ಲ. ಅಂಗಡಿಗೆ ಓಡಿ ನೋಡಿದರೆ ನವಿಲು ಬಲಭುಜಕ್ಕೆ ಬಂದು ಕೂತಿತ್ತು. ಆಟೋ ಹತ್ತಿ ಬ್ಲೌಸು ತಲುಪಿಸಿ ಬಂದೆ.

ಎರಡು ದಿನದ ಮೇಲೆ ಮೇಷ್ಟ್ರು ಒಂಬತ್ತು ಶರ್ಟು ಹೊತ್ತುಕೊಂಡು ಬಂದರು. ಕೈ ಅಭ್ಯಾಸ ತಿರುಗಾಮುರುಗಾ ಆಗಿ ಜೇಬು ಸಿಗುತ್ತಿಲ್ಲವಂತೆ, ಇನ್ನೊಂದು ಕಡೆಗೆ ಹಾಕಿಕೊಡಬೇಕಂತೆ. ಮುಖ ನೋಡಿ ಪಾಪ ಅನ್ನಿಸಿತು. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಮೆಸಾನ್ ಯಾವ ಕಡೆ ಹಾರಿತು ಅಂತ ಪೇಪರಿಗೆ ಬರೆದು ಕಳಿಸಿದಿರಾ?"

"ಹೇಗೆ ಕಳಿಸಲಿ? ನಾನು ಬಲ ಅಂದರೆ ಇವಳು ಎಡ ಅಂತಾಳೆ."

"ಸದ್ಯಕ್ಕೆ ಜೇಬು ಯಾವ ಕಡೆ ಅಂತ ಬೆರಳಿಟ್ಟು ತೋರಿಸಿ ಮೇಷ್ಟ್ರೇ," ಎಂದೆ, "ಬಾಯಲ್ಲಿ ಹೇಳಬೇಡಿ."