ಮಾವನ ಬ್ಯಾಕ್‌ಸ್ವಿಂಗ್

ನಮ್ಮ ಸೋದರಮಾವ ಗಾಲ್ಫ್ ಆಡುತ್ತಾರೆ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ಆಡುವುದು ಗಾಲ್ಫಿನ ಮೊದಲರ್ಧ ಮಾತ್ರ. ಕೋಲನ್ನು ಹಿಂದಕ್ಕೆ ಎತ್ತುತ್ತಾರೆ, ಹೆಗಲ ಮೇಲೆ ನಿಲ್ಲಿಸುತ್ತಾರೆ, ಕಣ್ಣು ಮುಚ್ಚಿ ಏನನ್ನೋ ಯೋಚಿಸುತ್ತಾರೆ, "ಉಹುಂ, ಬರ್ಲಿಲ್ಲ" ಎಂದು ಹಾಗೇ ಇಳಿಸುತ್ತಾರೆ. ಚೆಂಡು ಇದ್ದಲ್ಲೇ ಇರುತ್ತದೆ. ಗೋಣಿಬೀಡಿನ ಸುತ್ತಮುತ್ತ ಇಷ್ಟು ನೆಮ್ಮದಿಯಾಗಿ ಬಾಳುತ್ತಿರುವ ಜೀವ ಇನ್ನೊಂದಿಲ್ಲ.

ಈ ಹುಚ್ಚು ಮನೆಗೆ ಬಂದದ್ದು ಒಂದು ಬೀರುವಿನ ಒಳಗೆ ಕೂತು. ಬಾಳೂರು ಕಡೆಯ ಹಳೇ ಪ್ಲಾಂಟರೊಬ್ಬರು ಬಂಗಲೆ ಖಾಲಿ ಮಾಡುವಾಗ, ಅತ್ತೆಗೆ ಇಷ್ಟವಾಯಿತೆಂದು ಮಾವ ಅಲ್ಲಿಂದ ಬೀಟೆ ಮರದ ಬೀರು ತಂದರು. ಬಾಗಿಲು ತೆಗೆದರೆ ಒಳಗೆ ಚೀಲದ ತುಂಬ ಗಾಲ್ಫ್ ಕೋಲುಗಳು! ವಾಪಸ್ ಕೊಡಲು ಹೋದರೆ ಆ ಪುಣ್ಯಾತ್ಮರು "ನೀವೇ ಇಟ್ಕೊಳ್ಳಿ" ಎಂದುಬಿಟ್ಟರು. ಕೊಟ್ಟವರು ಆರಾಮಾಗಿ ಮೈಸೂರಿಗೆ ಹೋದರು, ಸಿಕ್ಕಿಹಾಕಿಕೊಂಡವರು ನಾವು. ಸ್ವಲ್ಪ ಕಾಲ ಆ ಕೋಲುಗಳು ಹಲಸಿನಕಾಯಿ ಕೆಡವಲು, ಬಟ್ಟೆ ಒಣಗಿಸಲು ಮರ್ಯಾದೆಯಿಂದ ದುಡಿದವು. ಆಮೇಲೆ ಮಾವ ಮೊಬೈಲಿನಲ್ಲಿ ಯಾರದೋ ಪಾಠ ನೋಡಿದರು. ಬ್ಯಾಕ್‌ಸ್ವಿಂಗ್ ಎಂಬ ಈ ಹಿಂದಕ್ಕೆತ್ತುವ ವರಸೆ ಸರಿಯಾಗಿ ಬಂದರೆ ಉಳಿದದ್ದು ತಾನಾಗಿಯೇ ಬರುತ್ತದೆ ಎಂದು ಅದರಲ್ಲಿತ್ತಂತೆ. ಉಳಿದದ್ದಕ್ಕೆ ಅವರು ಈಗಲೂ ಕಾಯುತ್ತಿದ್ದಾರೆ.

ಮೂಡಿಗೆರೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಭಾನುವಾರ ಬಾಗಿಲು ಹಾಕಿ ಮಾವನ ಮನೆಗೆ ಹೋದರೆ ನನಗೆ ಕಾಫಿಗಿಂತ ಮೊದಲು ಸಿಗುವುದು ಉಪದೇಶ.

"ನೋಡೋಕೆ ಹೆಂಗಿರುತ್ತೆ ಅನ್ನೋದಲ್ಲ ಮಾರಾಯ, ಮೈಗೆ ಹೆಂಗನ್ಸುತ್ತೆ ಅನ್ನೋದು ಮುಖ್ಯ. ಪಾದ ಕದಲಬಾರ್ದು. ಬೆನ್ನು ಬಿಗೀಬೇಕು, ಕೈ ಹಗುರ ಇರ್ಬೇಕು. ಕೋಲು ನಾವು ಎತ್ತಿದ್ದಲ್ಲ, ಅದೇ ಎದ್ದಿದ್ದು ಅನ್ನಿಸ್ಬೇಕು."

"ಅನ್ನಿಸ್ತಾ ಮಾವ?"

"ಇನ್ನೂ ಇಲ್ಲ."

ಒಮ್ಮೆ ಬ್ಯಾಕ್‌ಸ್ವಿಂಗ್ ಅಂದರೆ ತಮ್ಮ ಕಾಫಿ ಎಸ್ಟೇಟಿನ ದೊಡ್ಡ ಗೇಟು ತೆಗೆದ ಹಾಗಿರಬೇಕು ಎಂದು ಅವರಿಗೆ ಹೊಳೆಯಿತು. ಮೊದಲು ನಿಧಾನ, ಆಮೇಲೆ ತಾನಾಗಿ ತಿರುಗುತ್ತದಲ್ಲ, ಹಾಗೆ. ಆ ಅನುಭವ ಮೈಗೆ ಹತ್ತಲೆಂದು ಗೇಟನ್ನೇ ತೆಗೆಯುತ್ತಾ ಹಾಕುತ್ತಾ ನಿಂತರು. ಆಳುಗಳನ್ನು ಕರೆತಂದ ಜೀಪು ಹೊರಗೆ ಹಾರನ್ ಹೊಡೆಯುತ್ತಿತ್ತು. ತೆಗೆದಾಗ ನುಗ್ಗೋಣವೆಂದರೆ ಅಷ್ಟರಲ್ಲಿ ಹಾಕಿಬಿಡುತ್ತಿದ್ದರು. ಕೊನೆಗೆ ಆಳುಗಳೆಲ್ಲ ಜೀಪಿನಿಂದಿಳಿದು ಬೇಲಿ ಸಂದಿಯಲ್ಲಿ ನುಸುಳಿ ಕೆಲಸಕ್ಕೆ ಹೋದರು.

ಇನ್ನೊಮ್ಮೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕೋಲು ಎತ್ತಿದಾಗ ಮೇಲೆ ಅತ್ತಿ ಮರದ ಕೊಂಬೆಗೆ ತಗುಲಿತು. ಕಾಫಿ ಬೆಳೆಗಾರ ನೆರಳಿನ ಮರದ ಕೊಂಬೆ ಕಡಿಸಬೇಕಾದರೆ ಎಷ್ಟು ಲೆಕ್ಕಾಚಾರ ಹಾಕುತ್ತಾನೆ, ನಿಮಗೇ ಗೊತ್ತು. ಮಾವ ಆಳುಗಳ ಮೇಸ್ತ್ರಿಯನ್ನು ಕರೆದು, ಕೋಲು ಎತ್ತಿ ತೋರಿಸಿ, "ಇದಕ್ಕೆ ತಾಗೋದನ್ನೆಲ್ಲ ತೆಗೆಸಪ್ಪ" ಎಂದರು. ಕಣದ ಸುತ್ತ ಆಕಾಶ ಕಂಡಿತು, ಕಾಫಿ ಗಿಡಗಳಿಗೆ ಬಿಸಿಲು ಸಿಕ್ಕಿತು. ಮುಂದಿನ ಹೂಮಳೆಗೆ ಅಲ್ಲಿನ ಗಿಡಗಳು ಎಲೆ ಕಾಣದಷ್ಟು ಹೂ ಬಿಟ್ಟವು. ಅಕ್ಕಪಕ್ಕದ ಬೆಳೆಗಾರರು ಬಂದು ಯಾವ ಗೊಬ್ಬರ ಹಾಕಿದಿರಿ ಎಂದು ಕೇಳಿದರು. ಮಾವ ಅವರನ್ನು ಸಾಲಾಗಿ ನಿಲ್ಲಿಸಿ ಬ್ಯಾಕ್‌ಸ್ವಿಂಗ್ ವಿವರಿಸಿದರು. ಆಮೇಲೆ ಅವರು ಯಾವುದನ್ನೂ ಕೇಳಲು ಬಂದಿಲ್ಲ.

ಇಷ್ಟಕ್ಕೆಲ್ಲ ವಿಮರ್ಶಕಿ ನಮ್ಮ ಅತ್ತೆ. ಕಣಕ್ಕೆ ಮುಖ ಮಾಡಿದ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಾ, ತಲೆ ಎತ್ತದೆಯೇ ತಪ್ಪು ಹಿಡಿಯುತ್ತಿದ್ದರು. "ಬೆನ್ನಿಗೆ ಏನಾಗಿದೆ, ಒನಕೆ ನುಂಗಿದ್ದೀರಾ?" ಎನ್ನುವರು. ಒಂದು ದಿನ ರೋಸಿಹೋಗಿ ಹೇಳಿದರು:

"ನಾನು ಹಿಂದಿನಿಂದ 'ರೀ' ಅಂದ್ರೆ ನಿಂತಲ್ಲೇ ಎಷ್ಟು ಚಂದ ತಿರುಗ್ತೀರಿ. ಹಾಗೇ ತಿರುಗೋಕೆ ಏನು ಧಾಡಿ ನಿಮಗೆ?"

ಮಾವ ಕೋಲು ಕೆಳಗಿಟ್ಟು, "ಅದೇ ಕಣೇ. ಈ ಮೊಬೈಲಿನವ್ರಿಗೆ ಯಾರಿಗೂ ಹೊಳೆದಿಲ್ಲ ನೋಡು. ಎಲ್ಲಿ, ಕರಿ ಒಂದ್ಸಲ" ಎಂದರು. ಅತ್ತೆ ಕರೆದರು. ಸ್ವಿಂಗ್ ಬರಲಿಲ್ಲ. ಮತ್ತೆ ಕರೆದರು. ಊಹೂಂ.

"ಕರೀತೀಯ ಅಂತ ಗೊತ್ತಿದ್ರೆ ಆಗಲ್ಲ. ಗೊತ್ತಿಲ್ದೇ ಕರೀಬೇಕು."

"ಗೊತ್ತಿಲ್ದೇ ಕರೆಯೋಕೆ ನಂಗೇನು ಬೇರೆ ಕೆಲಸ ಇಲ್ವಾ?" ಎಂದು ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು.

ಮಾವ ಬಿಡುವವರೇ? ನನ್ನಿಂದ ಕರೆಸಿದರು. ನಾನು ಕರೆದರೆ ಅಂಗಡಿ ಬಿಲ್ಲಿನ ಬಾಕಿ ಕೇಳಲು ಬಂದ ಹಾಗಿದೆಯಂತೆ. ಮೇಸ್ತ್ರಿಯಿಂದ ಕರೆಸಿದರು. ಆತ ವಿಧೇಯನಾಗಿ "ಅಯ್ಯಾ" ಎಂದು ಕೂಗಿದ ರಭಸಕ್ಕೆ ಕೋಲು ಮಾವನ ಕೈತಪ್ಪಿ ಹಾರಿ ನನ್ನ ಬೈಕಿನ ಕನ್ನಡಿ ಒಡೆಯಿತು. ಬ್ಯಾಕ್‌ಸ್ವಿಂಗಿನ ಇತಿಹಾಸದಲ್ಲಿ ಹಿಂದಕ್ಕೆ ಏನಾದರೂ ಹಾರಿದ್ದು ಅದೇ ಮೊದಲಿರಬೇಕು.

ಹೋದ ವರ್ಷ ಅತ್ತೆಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸುಧಾರಿಸಿದವು, ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಬಾಯಿ ತೆರೆಯುವರು, ಶಬ್ದ ಬಾರದೆ ಮುಖ ಆಚೆ ತಿರುಗಿಸುವರು. ಮಾತು ಬರಬಹುದು, ಬರದೆಯೂ ಇರಬಹುದು, ಮಾತಾಡಿಸುತ್ತಾ ಇರಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಅಷ್ಟು ಮಾತಿನ ಮನೆ ಬಣಗುಟ್ಟತೊಡಗಿತು. ನನಗೆ ಅಲ್ಲಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ.

ಹೋದರೆ ಕಂಡದ್ದೇನು? ಅತ್ತೆಯನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಮಾವ ಕಣದಲ್ಲಿ ಕೋಲು ಹಿಡಿದು ನಿಂತಿದ್ದರು! ಎತ್ತುವುದು, ಇಳಿಸುವುದು, ಅತ್ತೆಯ ಕಡೆ ನೋಡಿ "ಈಗ ಹೆಂಗಿತ್ತೇ?" ಎಂದು ಕೇಳುವುದು. ಅತ್ತೆ ತಲೆಯಾಡಿಸುವುದು. ನನಗೆ ಮೈಯೆಲ್ಲ ಉರಿಯಿತು.

"ಇಂಥಾ ಹೊತ್ತಲ್ಲೂ ನಿಮಗೆ ಇದೇ ಆಯ್ತಲ್ಲ ಮಾವ" ಎಂದುಬಿಟ್ಟೆ.

ಮಾವ ನನ್ನನ್ನು ಕಣದ ಆಚೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. "ಮಾತಾಡಿಸಿ ಅಂದಿದ್ದಾರಲ್ಲ. ನಾನು ಏನು ಮಾತಾಡ್ಲಿ ಮಾರಾಯ? ದೇವರ ವಿಷಯ ಹೇಳಿದೆ, ಮಳೆ ವಿಷಯ ಹೇಳಿದೆ, ಸುಮ್ನೆ ಕೂತಿರ್ತಾಳೆ. ಇದನ್ನ ಕಂಡ್ರೆ ಮಾತ್ರ ಅವಳಿಗೆ ಬಯ್ಬೇಕು ಅನ್ಸುತ್ತೆ. ತುಟಿ ಅಲ್ಲಾಡುತ್ತೆ, ನೋಡು ಬೇಕಾದ್ರೆ. ಇವತ್ತಲ್ಲ ನಾಳೆ ತಡೆಯೋಕಾಗ್ದೆ ಬಯ್ದೇ ಬಯ್ತಾಳೆ."

ಅಂದಿನಿಂದ ಅವರು ಬೇಕೆಂದೇ ಕೆಟ್ಟದಾಗಿ ಆಡತೊಡಗಿದರು. ಬೇಕೆಂದೇ ಎಂಬುದು ಅವರ ಹೇಳಿಕೆ. ನಮಗೆ ಹಿಂದಿನದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ.

ಮೊನ್ನೆ ಭಾನುವಾರ, ಹೂಮಳೆ ಬಿದ್ದು ಗಿಡಗಳೆಲ್ಲ ಬೆಳ್ಳಗಿದ್ದವು. ಮಾವ ಜಗಲಿಗೆ ಬೆನ್ನು ಕೊಟ್ಟು ನಿಂತು ನನಗೆ ಹೂವಿನ ಬಗ್ಗೆ ಏನೋ ಹೇಳುತ್ತಿದ್ದರು. ಕೋಲು ಸುಮ್ಮನೆ ಕೈಯಲ್ಲಿತ್ತು, ಚೆಂಡು ಕಾಲ ಬಳಿ ಇತ್ತು. ಆಡುವ ಯೋಚನೆ ಅವರಿಗಿರಲಿಲ್ಲ.

"ರೀ."

ಒರಟಾಗಿ, ಒಡೆದುಕೊಂಡು ಬಂದಿತು ದನಿ. ಮಾವ ತಿರುಗಿದರು. ಪಾದ ಕದಲಲಿಲ್ಲ. ಸೊಂಟ ತಿರುಗಿತು, ಬೆನ್ನು ತಿರುಗಿತು, ಹೆಗಲು ತಿರುಗಿತು, ಕೋಲು ಅದರ ಪಾಡಿಗೆ ಅದು ಎದ್ದು ಹೆಗಲ ಮೇಲೆ ಹೋಗಿ ನಿಂತಿತು. ತಲೆ ತಿರುಗಬಾರದಂತೆ, ಅದೂ ತಿರುಗಿತು. ಅದೊಂದು ತಪ್ಪನ್ನು ಬಿಟ್ಟುಬಿಡಿ. ಗಾಲ್ಫಿನ ಗಂಧವಿಲ್ಲದ ನನಗೂ ಗೊತ್ತಾಯಿತು, ಅದು ಬಂದಿತ್ತು.

ಅತ್ತೆ ಇನ್ನೂ ಏನೋ ಹೇಳಲು ತುಟಿ ಕೂಡಿಸುತ್ತಿದ್ದರು. ಬಯ್ಯುವುದಕ್ಕೇ ಇರಬೇಕು. ಮಾವ ಕೋಲನ್ನು ಇಳಿಸದೆ, ಕಣ್ಣು ಒರೆಸಿಕೊಳ್ಳದೆ, ಹಾಗೇ ನಿಂತು ಕಾಯುತ್ತಿದ್ದರು. ಚೆಂಡು ಇದ್ದಲ್ಲೇ ಇತ್ತು.