ಪೆನಾಂಗಿನ ಕಂಬಗಳಿಗೆ ಕಾಕಾನ ಸುಣ್ಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ಬೈಯುವ ತ್ರಾಸು ಬೇಡ. ನಮ್ಮ ಕಾಕಾ ಪರದೇಶದ ಬಂದರಿನಲ್ಲಿ ಕಂಡಕಂಡ ಕಂಬಕ್ಕೆ ಸುಣ್ಣ ಹಚ್ಚುತ್ತ ತಿರುಗಿದ್ದಕ್ಕೂ, ಹಡಗು ಇನ್ನೇನು ನಮ್ಮನ್ನು ಬಿಟ್ಟು ಹೊರಡುವುದರಲ್ಲಿದ್ದುದಕ್ಕೂ ಮೂಲ ಕಾರಣ ನಾನು. ಮಂದಿಯ ದನಿ ತೆಗೆದು ತೋರಿಸುವುದು ನನ್ನ ಚಟ. ರಾಣೆಬೆನ್ನೂರಿನ ಕಾಕಾನ ಬೀಜದ ಅಂಗಡಿಯಲ್ಲಿ ಗಿರಾಕಿ ಬೆನ್ನು ತಿರುಗಿಸಿದ ಕೂಡಲೇ ಅವನಂತೆ ಕೆಮ್ಮಿ, ಅವನಂತೆ ಚೌಕಾಸಿ ಮಾಡಿ ತೋರಿಸುವುದು ನನ್ನ ಮುಖ್ಯ ಉದ್ಯೋಗ. ಬೀಜ ತೂಗುವುದು ಉಪಕಸಬು. ಕುಪ್ಪೇಲೂರಿನ ಗೌಡರು ಜೋಳದ ಬೀಜವನ್ನು ಹಲ್ಲಿನಲ್ಲಿ ಕಡಿದು, ಕಣ್ಣು ಮುಚ್ಚಿ, ಅದು ಮೊಳೆಯುತ್ತದೋ ಇಲ್ಲವೋ ಎಂದು ನಾಲಿಗೆಯನ್ನೇ ವಿಚಾರಿಸುವುದನ್ನು ನಾನು ಮಾಡಿ ತೋರಿಸಿದರೆ ಹಮಾಲರು ಚೀಲ ಇಳಿಸಿ ನಗುತ್ತಿದ್ದರು.

ಆ ವರ್ಷ ಹತ್ತಿಬೀಜ ಭರ್ಜರಿ ಮಾರಾಟವಾಗಿತ್ತೆಂದು ಕಂಪನಿಯವರು ಅಂಗಡಿಕಾರರಿಗೆ ಸಿಂಗಪುರದಿಂದ ಪೆನಾಂಗಿಗೆ ಹಡಗಿನ ಪ್ರವಾಸ ಇನಾಮು ಕೊಟ್ಟರು. ಅಂಗಡಿಗೆ ಇಬ್ಬರು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಕೇಳಿದ್ದು ಒಂದೇ ಪ್ರಶ್ನೆ. "ಹಡಗ ನಡು ನೀರಾಗ ನಿಂತರ ಇಳಿದು ದೂಡಾಕ ಬರತೈತೇನು?" ಬರುವುದಿಲ್ಲ ಎಂದೆ. "ಹಂಗಾರ ನಾ ಒಲ್ಲೆ. ಇವಗ ನಾಕು ಅಕ್ಷರ ಇಂಗ್ಲಿಷ್ ಬರತೈತಿ, ಇವನ್ನ ಕರಕೊಂಡು ಹೋಗ್ರಿ" ಎಂದು ತನ್ನ ಜಾಗವನ್ನು ನನಗೆ ಬಿಟ್ಟಳು.

ಅಲ್ಲಿಂದ ನನ್ನ ಹುಚ್ಚಾಟ ಶುರುವಾಯಿತು. ಹೊರಡುವವರೆಗೂ ದಿನಾ ಸಂಜೆ ಅಂಗಡಿಯಲ್ಲಿ ಪರದೇಶದ ಕಳ್ಳರ ದನಿ ತೆಗೆದೆ. ಒಬ್ಬ ಪರದೇಶಿ ಕಳ್ಳನನ್ನೂ ನಾನು ಕಂಡವನಲ್ಲ. ಕಂಪನಿಯ ಸೇಲ್ಸ್‌ಮನ್ನಿನ ಗಂಟಲನ್ನೇ ಸ್ವಲ್ಪ ಎಣ್ಣೆ ಹಾಕಿ ಬಳಸಿಕೊಂಡೆ. ಊರು ತೋರಿಸುತ್ತೇನೆಂದು ಬೇರೆ ಊರಿಗೇ ಒಯ್ಯುವ ಟ್ಯಾಕ್ಸಿಯವನು, ದಾರಿ ಕೇಳಿದರೆ ಓಣಿಯೊಳಗೆ ಕರೆದೊಯ್ದು ಗಡಿಯಾರ ಬಿಚ್ಚಿಕೊಳ್ಳುವ ಸಭ್ಯ ಮುದುಕ, ಎಲ್ಲರನ್ನೂ ಆಡಿ ತೋರಿಸಿದೆ. ಎಲ್ಲರೂ ನಕ್ಕರು, ಕಾಕಾ ನಗಲಿಲ್ಲ. ನಾನು ಅಲ್ಲೇ ಎಚ್ಚರಾಗಬೇಕಿತ್ತು. ಯಾಕೆಂದರೆ ಕಾಕಾ ಮೊದಲೇ ಸಂಶಯದ ಮನುಷ್ಯ. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕಾಗಿನೆಲೆ ಬಸ್ಸು ಯಾವುದೆಂದು ಮೂರು ಮಂದಿಯನ್ನು ಬೇರೆಬೇರೆಯಾಗಿ ಕೇಳುತ್ತಾನೆ. ಮೂವರೂ ಒಂದೇ ಬಸ್ಸು ತೋರಿಸಿದರೆ, "ಮೂರೂ ಮಂದಿ ಮಾತಾಡಿಕೊಂಡಾರ" ಎಂದು ಅದನ್ನು ಬಿಟ್ಟುಬಿಡುತ್ತಾನೆ.

ಪೆನಾಂಗು ಮುಟ್ಟಿದ ಬೆಳಿಗ್ಗೆ ಹಡಗಿನ ಗೋಡೆಯೊಳಗಿಂದ ಒಂದು ಹೆಣ್ಣುದನಿ ಬಂತು. ಹಡಗು ಸಂಜೆ ಐದಕ್ಕೆ ಬಿಡುತ್ತದೆ, ಯಾರಿಗಾಗಿಯೂ ಕಾಯುವುದಿಲ್ಲ, ಊರು ನೋಡುವವರಿಗೆ ನಮ್ಮ ಬಸ್ಸು ಇದೆ, ತಾವಾಗಿಯೇ ತಿರುಗುವವರು ನಕಾಶೆ ಒಯ್ಯಿರಿ, ಎಚ್ಚರದಿಂದಿರಿ. ನಾನು ಕನ್ನಡದಲ್ಲಿ ಹೇಳಿದೆ. ಕಾಕಾ ಕಣ್ಣು ಸಣ್ಣದು ಮಾಡಿದ. "ಇಷ್ಟ ಹೆದರಿಸ್ತಾರಂದ್ರ ಬಸ್ಸಿನ ಟಿಕೀಟ ಹಚ್ಚಾಕ ನೋಡಾಕತ್ತಾರ. ಆ ಬಸ್ಸು ಯಾವ ಯಾವ ಅಂಗಡಿ ಮುಂದ ನಿಂದ್ರತೈತಿ, ಯಾರಿಗೆಷ್ಟು ಕಮಿಷನ್ನು, ನನಗ ಹೇಳಬ್ಯಾಡ." ನಕಾಶೆಯನ್ನೂ ಬೇಡವೆಂದ, ಅದನ್ನು ಅಚ್ಚು ಹಾಕಿಸಿದ್ದು ಅಲ್ಲಿಯ ಅಂಗಡಿಕಾರರೇ ಎಂದು ಕೆಳಗೆ ಬರೆದಿತ್ತು. ರೊಕ್ಕವನ್ನು ಬನಿಯನ್ನಿನ ಒಳಜೇಬಿಗೆ ಹಾಕಿ ಮೇಲೆ ಪಿನ್ನು ಚುಚ್ಚಿಕೊಂಡಿದ್ದ. ಹೀಗಾಗಿ ಊರೆಲ್ಲ ಚಹಾದ ವಾಸನೆ ಬಂದರೂ ನಮಗೆ ಚಹಾ ಇಲ್ಲ. ನಡುರಸ್ತೆಯಲ್ಲಿ ಅಂಗಿ ಬಿಚ್ಚಿದರೆ ರೊಕ್ಕ ಎಲ್ಲಿದೆಯೆಂದು ಕಳ್ಳರಿಗೆ ನಾವೇ ತೋರಿಸಿದಂತಲ್ಲವೇ?

ದಾರಿ ತಪ್ಪದಿರಲಿಕ್ಕೆ ಕಾಕಾ ತನ್ನದೇ ಉಪಾಯ ತಂದಿದ್ದ. ನಮ್ಮ ಕಡೆ ಪೇಟೆಯಲ್ಲಿ ಒಬ್ಬರ ಚೀಲ ಇನ್ನೊಬ್ಬರದರಲ್ಲಿ ಕೂಡಬಾರದೆಂದು ಗುರುತು ಹಾಕುತ್ತಾರಲ್ಲ, ಹಾಗೆ ಎಲೆಡಬ್ಬಿಯ ಸುಣ್ಣದಲ್ಲಿ ಬೆರಳದ್ದಿ ಪ್ರತಿ ತಿರುವಿನ ಕಂಬಕ್ಕೂ ಒಂದು ಅಡ್ಡಗೆರೆ, ಕೆಳಗೆ ಎರಡು ಚುಕ್ಕೆ ಇಟ್ಟ. ಪೆನಾಂಗನ್ನೇ ಖರೀದಿ ಮಾಡಿ ಲಾರಿಗೆ ಹೇರುವವನಂತೆ ಕಾಣುತ್ತಿದ್ದ. ನಾನು ಹಮಾಲನ ದನಿಯಲ್ಲಿ, "ಸಾವ್ಕಾರ್ರ, ಈ ಊರು ಯಾವ ಗೋದಾಮಿಗೆ?" ಎಂದೆ. "ಬಾಯಿ ಮುಚ್ಚಲೇ, ಹಿಂದ ನೋಡು" ಎಂದ.

ನೋಡಿದೆ. ಟೊಪ್ಪಿಗೆ, ಕಪ್ಪು ಚಷ್ಮಾ, ಸಡಿಲ ಪ್ಯಾಂಟು ತೊಟ್ಟ ಒಬ್ಬ ದಪ್ಪ ಆಸಾಮಿ ನಾವು ಬಿಟ್ಟ ಕಂಬದ ಹತ್ತಿರ ನಿಂತು ಗುರುತನ್ನು ಬಗ್ಗಿ ನೋಡುತ್ತಿದ್ದ. ನಾವು ತಿರುಗಿದ ಕಡೆಗೇ ಅವನೂ ತಿರುಗಿದ. ನಾವು ಜೋರಾಗಿ ನಡೆದರೆ ಅವನೂ ಜೋರು. "ನೀ ಹೇಳಿದ ಪೈಕಿ ಇಂವ ಯಾಂವಲೇ?" ಎಂದು ಕಾಕಾ ಪಿಸುಗುಟ್ಟಿದ. ನನ್ನ ಕಳ್ಳರಲ್ಲಿ ಇಂಥವನೊಬ್ಬನೂ ಇರಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ದೇವಸ್ಥಾನ, ಮಸೀದಿ, ಸಮುದ್ರ, ನೋಡಬೇಕಾದುದೆಲ್ಲ ಪಕ್ಕದಲ್ಲಿ ಸರಿದುಹೋಯಿತು. ನಾವು ಪೆನಾಂಗಿನಲ್ಲಿ ನೋಡಿದ್ದು ಅವನೊಬ್ಬನನ್ನೇ. ಹೊತ್ತು ಇಳಿಯುತ್ತ ಬಂತು. ಕೊನೆಗೆ ಒಂದು ಓಣಿ ಗೋಡೆಯಲ್ಲಿ ಮುಗಿದುಹೋಯಿತು. ಕಾಕಾ ಎದೆಯ ಪಿನ್ನನ್ನು ಹಿಡಿದುಕೊಂಡು ತಿರುಗಿ ನಿಂತ. ಆ ಆಸಾಮಿಯೂ ಏದುಸಿರು ಬಿಡುತ್ತ ನಿಂತು ಚಷ್ಮಾ ತೆಗೆದ.

"ಅಯ್ಯ, ಚನ್ನಬಸಪ್ಪಾರ, ನೀವೇನ್ರಿ?" ಎಂದ ಕಾಕಾ.

ಬ್ಯಾಡಗಿಯಲ್ಲಿ ಬೀಜದ ಅಂಗಡಿ ಇಟ್ಟ ಚನ್ನಬಸಪ್ಪನವರು. ಹಡಗು ಹತ್ತಿದಾಗಿನಿಂದ ವಾಂತಿ ಮಾಡುತ್ತ ಕೋಣೆಯಲ್ಲೇ ಬಿದ್ದಿದ್ದರು. ಜನ್ಮದಲ್ಲಿ ಧೋತರ ಬಿಟ್ಟವರಲ್ಲ. ಪ್ಯಾಂಟಿನಲ್ಲಿ ನಮಗೆ ಗುರುತು ಹತ್ತಲಿಲ್ಲ. ಅವರೂ ಬಸ್ಸನ್ನು ನಂಬದೆ ಒಬ್ಬರೇ ಇಳಿದು ದಾರಿ ತಪ್ಪಿದ್ದರು. "ಕಂಬದ ಮ್ಯಾಲ ಚೀಲದ ಗುರುತು ಕಾಣ್ತು. ನಮ್ಮ ಕಡೀ ಮಂದಿ ಹಡಗಕ್ಕ ಹೊಂಟಾರ ಅಂತ ಬೆನ್ನ ಹತ್ತಿದ್ನಿ. ನೀವು ಯಾಕ ಓಡಾಕತ್ತಿದ್ರಿ?" ಎಂದರು.

"ಹೋಗ್ಲಿ ಬಿಡ್ರಿ. ಗುರುತು ಹಿಡಕೊಂಡು ತಿರುಗಿ ಹೋಗೂಣು, ಲಗೂ ಬರ್ರಿ" ಎಂದ ಕಾಕಾ.

ಚನ್ನಬಸಪ್ಪನವರು ಕರವಸ್ತ್ರ ತೆಗೆದು ತೋರಿಸಿದರು. ಅದರ ತುಂಬ ಸುಣ್ಣ. "ಎಲ್ಲಾ ಒರಸಿಕೋಂತ ಬಂದೇನಿ. ಕಳ್ಳರು ಇದನ್ನ ನೋಡಿಕೋಂತ ನಮ್ಮ ಹಿಂದ ಬಂದ್ರ ಏನ್ ಮಾಡೂದ್ರಿ?"

ಕಾಕಾ ಅವರನ್ನು ಬೈಯಲಿಲ್ಲ. ತಾನಾಗಿದ್ದರೂ ಒರೆಸುತ್ತಿದ್ದೆನೆಂದು ಅವನಿಗೆ ಗೊತ್ತಿತ್ತು. ಗಡಿಯಾರ ನೋಡಿ, "ಲೇ, ಯಾರನ್ನರ ಕೇಳಲೇ" ಎಂದ. ಓಣಿಯ ಬಾಯಲ್ಲಿ ಮುದುಕಿಯೊಬ್ಬಳು ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ನಾನು ಮುಂದೆ ಹೋದೆ. ನಾಕು ಅಕ್ಷರ ಇಂಗ್ಲಿಷಿನಲ್ಲಿ ಒಂದೂ ನೆನಪಾಗಲಿಲ್ಲ. ಬಾಯಿ ತೆರೆದರೆ ಹಾವೇರಿ ಬಸ್ಸಿನ ಕಂಡಕ್ಟರನ ದನಿ ಹೊರಟಿತು. ಅದನ್ನು ನುಂಗಿದರೆ ಕುಪ್ಪೇಲೂರಿನ ಗೌಡರ ಕೆಮ್ಮು ಬಂತು. ಬೆವರು ಸುರಿಸುತ್ತಿರುವ ಮೂವರು ಗಂಡಸರು, ಒಬ್ಬ ಎದೆ ಹಿಡಿದುಕೊಂಡಿದ್ದಾನೆ, ಒಬ್ಬನ ಕೈಯಲ್ಲಿ ಹೊಲಸು ವಸ್ತ್ರ, ಒಬ್ಬ ಸುಮ್ಮನೆ ಕೆಮ್ಮುತ್ತಾನೆ. ಮುದುಕಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಹೂವಿನ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಚನ್ನಬಸಪ್ಪನವರು ಹಡಗಿನ ಚೀಟಿಯನ್ನು ಅವಳ ಮುಂದೆ ಹಿಡಿದಾಗ ಗದ್ದ ಎತ್ತಿ ನಮ್ಮ ತಲೆಯ ಮೇಲೆ ತೋರಿಸಿದಳು. ಮನೆಗಳ ಹಂಚಿನ ಆಚೆ, ನಮ್ಮ ಇಡೀ ಓಣಿಯನ್ನು ನುಂಗುವಷ್ಟು ದೊಡ್ಡ ಬಿಳಿ ಹಡಗು ಹೊಗೆ ಬಿಡುತ್ತ ನಿಂತಿತ್ತು. ಬೆಳಿಗ್ಗೆಯಿಂದ ಅದರ ಸುತ್ತಮುತ್ತಲೇ ಸುತ್ತಿದ್ದೆವು. ಹಿಂದೆ ನೋಡುವ ಗಡಿಬಿಡಿಯಲ್ಲಿ ಒಬ್ಬರೂ ಮೇಲೆ ನೋಡಿರಲಿಲ್ಲ. ಓಡಿದೆವು. ನಾವು ಒಳಗೆ ಕಾಲಿಟ್ಟ ಮೇಲೆ ಏಣಿ ಎತ್ತಿದರು.

ಊರಿಗೆ ಬಂದ ಮೇಲೆ ನನಗೆ ಬಂಗಾರದಂಥ ಸರಕು ಸಿಕ್ಕಿತ್ತು. ಅಂಗಡಿಯಲ್ಲಿ, ಕಟ್ಟೆಯ ಮೇಲೆ, ಮದುವೆಮನೆಯಲ್ಲಿ, ಎಲ್ಲೆಂದರಲ್ಲಿ ಕಾಕಾನ ಪಿನ್ನು, ಚನ್ನಬಸಪ್ಪನವರ ಕರವಸ್ತ್ರ, ಮುದುಕಿಯ ಗದ್ದ ಆಡಿ ತೋರಿಸಿದೆ. ಜನ ಹೊಟ್ಟೆ ಹಿಡಿದು ನಕ್ಕರು. ಒಂದು ದಿನ ಅಡಿಗೆಮನೆಯಲ್ಲಿ ಚಿಗವ್ವನ ಮುಂದೂ ಪೂರ್ತಿ ಆಟ ಆಡಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. ನಗಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ಕೈ ಒರೆಸಿಕೊಂಡು, ಒಂದೇ ಮಾತು ಕೇಳಿದಳು. ಆವತ್ತಿನಿಂದ ಪೆನಾಂಗಿನ ಆಟ ಬಂದ್ ಆಗಿದೆ.

"ಎಲ್ಲಾರ ದನಿ ತಗೀತಿ, ಖರೇ. ಆ ಮುದುಕಿ ಮುಂದ 'ದಾರಿ ತಪ್ಪೇತ್ರಿ, ಹಡಗ ಎಲ್ಲೈತಿ' ಅಂತ ಕೇಳಾಕ ನಿಂದು ಅಂತ ಒಂದು ದನಿ ಇರಲಿಲ್ಲೇನು?"