ಮೂಲೆ ಹರಿದ ಕಾರ್ಡು

ಕಸ್ತೂರಿರಂಗನ ಪ್ರೇಮ ಕೆಟ್ಟದ್ದು ಒಂದು ಅಡಿಕೆ ಚೂರಿನಿಂದ. ಅಡಿಕೆಯೂ ಅವನದಲ್ಲ, ಅದು ಸಿಕ್ಕಿಕೊಂಡಿದ್ದ ಹಲ್ಲೂ ಅವನದಲ್ಲ.

ಮಳವಳ್ಳಿಯ ಸ್ಕೂಲಿನಲ್ಲಿ ಅವನು ಇಂಗ್ಲಿಷ್ ಮೇಷ್ಟ್ರು. ಬುಧವಾರ ಬೆಳಿಗ್ಗೆ ಮೊದಲ ಗಂಟೆ ಹೊಡೆಯುವ ಮುಂಚೆ ಕನ್ನಡ ಪಂಡಿತ ಅನಂತರಾಮಯ್ಯನವರು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಬಂದು ಅವನ ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಕೆದಕತೊಡಗಿದರು.

"ಏನು ಹುಡುಕ್ತಿದೀರಿ ಪಂಡಿತರೇ?"

"ಪೋಸ್ಟ್ ಕಾರ್ಡು. ನಿನ್ನೆ ಇಲ್ಲೊಂದು ಇತ್ತಲ್ಲ, ಹಲ್ಲು ಸಂದೀಲಿ ಅಡಿಕೆ ಸಿಕ್ಕಿ ಪ್ರಾಣ ಹೋಗ್ತಿತ್ತು, ಅದರ ಮೂಲೇನ ಚೂರು ಹರ್ಕೊಂಡೆ. ಎಂಥಾ ಗಟ್ಟಿ ಕಾಗದ ಅಂತೀರಿ. ಇವತ್ತೂ ಒಂದಿದ್ರೆ ನೋಡಿ."

ಕಸ್ತೂರಿರಂಗನ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಆ ಕಾರ್ಡನ್ನು ಅವನು ಬರೆದು ಮೇಜಿನ ಮೇಲಿಟ್ಟು ಪಾಠಕ್ಕೆ ಹೋಗಿದ್ದ. ಜವಾನ ನಾಗಯ್ಯ ಅದನ್ನು ಒಯ್ದು ಟಪಾಲಿಗೆ ಹಾಕಿ ಬಂದಿದ್ದ. ಇಷ್ಟು ಹೊತ್ತಿಗೆ ಅದು ಮಂಡ್ಯ ಸೇರಿ ಅವನ ಪ್ರೇಯಸಿ ಆಂಡಾಳ್ ಕೈಗೆ ಹೋಗಿರಬೇಕು, ಒಂದು ಮೂಲೆ ಇಲ್ಲದೆ.

ನಮ್ಮ ಕಡೆ ಮೂಲೆ ಹರಿದ ಕಾರ್ಡು ಬಂತೆಂದರೆ ಸಾವು ಎಂದೇ ಅರ್ಥ. ಮದುವೆಯ ಕಾಗದವಾದರೆ ಮೂಲೆಗೆ ಅರಿಶಿನ, ಸಾವಿನದಾದರೆ ಮೂಲೆಯೇ ಇಲ್ಲ. ಅಂಥದ್ದನ್ನು ಮನೆಯೊಳಕ್ಕೆ ತರುವುದಿಲ್ಲ. ಹೊಸಿಲಾಚೆ ನಿಂತು ಯಾರು ಹೋದರೆಂದು ನೋಡಿ, ಚೂರು ಚೂರು ಮಾಡಿ ಎಸೆದು, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರುವುದು. ಅದೂ ಅಲ್ಲದೆ ಕಾರ್ಡಿನಲ್ಲಿ ಅವನು ಬರೆದಿದ್ದ ಮಾತು ಹೀಗಿತ್ತು: "ಈ ವಾರ ನಿನ್ನ ಉತ್ತರ ಬಾರದಿದ್ದರೆ ಇದೇ ನನ್ನ ಕೊನೆಯ ಕಾಗದವೆಂದು ತಿಳಿ." ಆ ಮಾತಿನ ಜೊತೆಗೆ ಹರಿದ ಮೂಲೆಯನ್ನೂ ಕಂಡವರಿಗೆ ಬೇರೆ ಏನು ಹೊಳೆದೀತು? ಇವನು ಬರೆದಿಟ್ಟು ಸತ್ತ, ಯಾರೋ ಪುಣ್ಯಾತ್ಮರು ಮೂಲೆ ಹರಿದು ಟಪಾಲಿಗೆ ಹಾಕಿದರು, ಅಷ್ಟೆ.

ಅವನು ಸತ್ತ ಸುದ್ದಿ ತಲುಪಿದರೆ ಆಂಡಾಳ್ ಉಳಿಯುವ ಹಾಗಿರಲಿಲ್ಲ. ಉಳಿಯಬಾರದೆಂದು ಆಣೆ ಹಾಕಿಸಿಕೊಂಡವನು ಅವನೇ.

ಇದಕ್ಕೆಲ್ಲ ಮೂಲ, ಮೈಸೂರಿನಲ್ಲಿ ಓದುವಾಗ ಪರೀಕ್ಷೆಗೆ ಇಟ್ಟಿದ್ದ ಒಂದು ಪರದೇಶದ ಹಳೆಯ ಪ್ರೇಮಕತೆ. ಅದರಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಒಂದು ವಾರದೊಳಗೆ ನೋಡಿ, ಮೆಚ್ಚಿ, ಮದುವೆಯಾಗಿ, ಸತ್ತೂ ಹೋಗುತ್ತಾರೆ. ಇಬ್ಬರಲ್ಲಿ ಒಬ್ಬರಾದರೂ ಅರ್ಧ ಗಂಟೆ ತಾಳಿಕೊಂಡಿದ್ದರೆ ಮೊಮ್ಮಕ್ಕಳನ್ನು ಎತ್ತಿ ಆಡಿಸಬಹುದಿತ್ತು. ಆ ಪೇಪರಿನಲ್ಲಿ ಕಸ್ತೂರಿರಂಗನಿಗೆ ಬಂದದ್ದು ಮೂವತ್ತಾರು ಮಾರ್ಕು. ಕತೆ ಮಾತ್ರ ನೂರಕ್ಕೆ ನೂರು ತಲೆಗೆ ಹತ್ತಿತು. ಸಾಯದ ಪ್ರೇಮ ಪ್ರೇಮವೇ ಅಲ್ಲವೆಂದು ಅವನು ತೀರ್ಮಾನಿಸಿದ.

ಎರಡು ವರ್ಷದ ಹಿಂದೆ ಮದ್ದೂರಿನ ಒಂದು ಮದುವೆಮನೆಯಲ್ಲಿ ಆಂಡಾಳನ್ನು ಕಂಡ. ಇಬ್ಬರದೂ ಒಂದೇ ಗೋತ್ರ, ಮದುವೆ ಆಗುವ ಹಾಗಿಲ್ಲ ಎಂದು ತಿಳಿದಾಗ ಅವಳು ಅತ್ತಳು. ಇವನಿಗೆ ಒಳಗೊಳಗೇ ಸಂತೋಷವಾಯಿತು. "ನಾನು ಹೋದ ದಿನವೇ ನೀನೂ ಬರಬೇಕು" ಎಂದು ಆಣೆ ಕೇಳಿದ. ಹದಿನೇಳು ವರ್ಷದ ಹುಡುಗಿ, ಹೂಂ ಅಂದಳು.

ಅಲ್ಲಿಂದಾಚೆಗೆ ವಾರಕ್ಕೊಂದು ಕಾರ್ಡು. ಲಕೋಟೆ ಕಂಡರೆ ಮನೆಯವರಿಗೆ ಅನುಮಾನ ಬರುತ್ತದೆಂದು ಬಯಲು ಕಾರ್ಡಿನಲ್ಲೇ ಬರೆದು "ಇಂತಿ ನಿನ್ನ ಕಸ್ತೂರಿ" ಎಂದು ಸಹಿ ಹಾಕುತ್ತಿದ್ದ. ಮಳವಳ್ಳಿಯಲ್ಲಿ ಕಸ್ತೂರಿ ಅನ್ನುವ ಗೆಳತಿಯೊಬ್ಬಳು ಇದ್ದಾಳೆಂದು ಆಂಡಾಳ್ ಮನೆಯಲ್ಲಿ ಎಲ್ಲರೂ ನಂಬಿದ್ದರು. "ನಾನು ಹೊರಟರೆ ನೀನೂ ಹೊರಡುತ್ತೀ ತಾನೆ?" ಎಂದು ಇವನು ಬರೆದರೆ, ತಲಕಾಡಿಗೆ ಹೋಗುವ ಮಾತಿರಬೇಕು ಎಂದುಕೊಂಡರು.

ಉತ್ತರ ಒಂದು ದಿನ ತಡವಾದರೆ ಊಟ ಬಿಟ್ಟೆನೆಂದು ಬರೆಯುತ್ತಿದ್ದ. ಪಕ್ಕದ ಮನೆಯ ಕರು ಕಂಡು ನಕ್ಕೆ ಎಂದು ಅವಳು ಬರೆದರೆ, ನಾನಿಲ್ಲದೆ ನಗು ಹೇಗೆ ಬಂತೆಂದು ಕೇಳುತ್ತಿದ್ದ. ಅವಳು ನಕ್ಕದ್ದನ್ನು ಬರೆಯುವುದು ಬಿಟ್ಟಳು, ಆಮೇಲೆ ನಗುವುದನ್ನೂ ಬಿಟ್ಟಳು. ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ಇವನ ಕಾರ್ಡಿನಲ್ಲಿ ಕಾವೇರಿ ಉಕ್ಕುತ್ತಿದ್ದಳು. ಹೀಗೆ ನಾಲ್ಕು ಗಂಡುಗಳನ್ನು ಅವಳು ಬೇಡವೆಂದಳು. ಇದಕ್ಕೆಲ್ಲ ಅವನು ಪ್ರೇಮ ಎನ್ನುತ್ತಿದ್ದ. ನಾವು ಎತ್ತಿಗೆ ಮೂಗುದಾರ ಹಾಕಿದರೆ ಹುಲ್ಲನ್ನಾದರೂ ಹಾಕುತ್ತೇವೆ.

ಈಗ ಆಣೆ ನಿಜವಾಗುವ ದಿನ ಬಂದು ಕೂತಿತ್ತು. ಕಸ್ತೂರಿರಂಗ ಹೆಡ್ಮಾಸ್ಟರ್ ಶಿವಯ್ಯನವರ ಮುಂದೆ ನಿಂತ.

"ರಜ ಬೇಕು ಸಾರ್. ಸಾವು."

"ಯಾರು ತೀರ್ಕೊಂಡ್ರು?"

"ಇನ್ನೂ ಗೊತ್ತಿಲ್ಲ ಸಾರ್. ಹೋದ ಮೇಲೆ ಗೊತ್ತಾಗುತ್ತೆ."

ಶಿವಯ್ಯನವರು ಕನ್ನಡಕದ ಮೇಲಿಂದ ನೋಡಿದರು. "ಗೊತ್ತಾದ ಮೇಲೆ ಅರ್ಜಿ ಕಳಿಸಿ" ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಅವನು ಬೀದಿಯಲ್ಲಿದ್ದ.

ಮಂಡ್ಯದ ಬಸ್ಸು ತುಂಬಿತ್ತು. ಪಕ್ಕದಲ್ಲಿ ಪೂರಿಗಾಲಿಯ ಪಟ್ಟಲಮ್ಮ ಮಡಿಲಲ್ಲಿ ಕುಕ್ಕೆ ಇಟ್ಟುಕೊಂಡು ಕೂತಿದ್ದಳು. ಇವನ ಮುಖ ನೋಡಿ ಸುಮ್ಮನಿರಲು ಅವಳಿಂದಾಗಲಿಲ್ಲ.

"ಯಾಕ್ ಮೇಷ್ಟ್ರೇ ಇಂಗೆ ಅಳ್ತೀರಿ? ಯಾರ್ ಸತ್ರು?"

"ನಾನು."

"ಏನಂದ್ರಿ?"

"ನಾನು ಸತ್ತೆ ಅಂತ ತಿಳ್ಕೊಂಡು ಒಬ್ಬ ಹುಡುಗಿ ಸಾಯ್ತಾಳಮ್ಮ. ನಾನು ಬೇಗ ಹೋಗಬೇಕು."

ಪಟ್ಟಲಮ್ಮ ಕುಕ್ಕೆಯನ್ನು ಕಾಲ ಬಳಿಗೆ ಇಳಿಸಿದಳು. "ಬುಡಪ್ಪ. ನಮ್ಮೆಜಮಾನ್ರು ಓಗಿ ಅನ್ನೆಲ್ಡು ವರ್ಸ ಆಯ್ತು. ನಾನು ಮೂರ್ ದಿನ ಅತ್ತೆ, ನಾಕ್ನೇ ದಿನ ರಾಗಿ ಬೀಸ್ದೆ. ಅಟ್ಟಿ ತುಂಬ ಮಕ್ಳು, ಸಾಯಾಕೆ ಪುರ್ಸೊತ್ತು ಎಲ್ಲಿತ್ತು?"

ಅಷ್ಟು ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಅವಳು ಹಿಂದಿನ ಸೀಟಿಗೆ ಹೇಳಿದಳು, ಅವರು ಅದರ ಹಿಂದಿನವರಿಗೆ ಹೇಳಿದರು. ಮದ್ದೂರು ಸಿಕ್ಕುವ ಹೊತ್ತಿಗೆ ಇಡೀ ಬಸ್ಸು ಆ ಹುಡುಗಿಯ ಜವಾಬ್ದಾರಿ ಹೊತ್ತಿತ್ತು. ಶಿಂಷಾ ಹೊಳೆ ಕಂಡದ್ದೇ ಮರಿಯಯ್ಯ ಎಂಬ ಮುದುಕ ಎದ್ದು ನಿಂತು ಬಸ್ಸು ನಿಲ್ಲಿಸಲು ಕೂಗಿದ.

"ಎಂಗುಸ್ರು ಸಾಯಾದು ಅಂದ್ರೆ ನೀರೇ ಕಣ್ಲಾ. ಒಂದ್ಸಲಿ ಇಣುಕಿ ನೋಡ್ಕಂಡು ಓಗದು ವಾಸಿ."

"ಅವಳಿರೋದು ಮಂಡ್ಯದಲ್ಲಿ ಸ್ವಾಮಿ" ಎಂದು ಕಸ್ತೂರಿರಂಗ ಅಂಗಲಾಚಿದ.

"ಇದ್ರೆ ಇರ್ಲಿ. ನೋಡಕ್ಕೇನು ದುಡ್ಡು ಕೊಡ್ಬೇಕಾ?"

ಎಲ್ಲರೂ ಇಳಿದು ನೀರಿಗೆ ಇಣುಕಿದರು. ಎರಡು ಎಮ್ಮೆಗಳು ಮಲಗಿದ್ದವು. ಎಲ್ಲರನ್ನೂ ಹತ್ತಿಸಲು ಹೋಗಿ ಕೆಸರಿನಲ್ಲಿ ಇವನ ಚಪ್ಪಲಿಯ ಬಾರು ಕಿತ್ತುಹೋಯಿತು. ತಿರುಗಿ ಬಂದರೆ ಬಸ್ಸಿನ ಇಂಜಿನ್ನು ಹೊರಡಲೊಲ್ಲದು. ನಾಲ್ಕು ಜನ ತಳ್ಳಿದರು, ನಲವತ್ತು ಜನ ಹೇಗೆ ತಳ್ಳಬೇಕೆಂದು ಹೇಳಿಕೊಟ್ಟರು. ಬಸ್ಸು ಅಲ್ಲೇ ಉಳಿಯಿತು. ಕುಂಟುತ್ತ ಮದ್ದೂರು ಸ್ಟೇಷನ್ನಿಗೆ ಓಡಿದರೆ ಬೆಳಗಿನ ರೈಲು ಕಣ್ಣ ಮುಂದೆಯೇ ಹೊರಟಿತು. ಮುಂದಿನದು ಸಂಜೆಗೆ.

ಕೊನೆಗೆ ಅವನನ್ನು ಹತ್ತಿಸಿಕೊಂಡದ್ದು ಮಂಡ್ಯದ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಸಾಗಿಸುತ್ತಿದ್ದ ದೊಡ್ಡಸಿದ್ದಯ್ಯನ ಗಾಡಿ. ಕಬ್ಬಿನ ಹೊರೆಯ ಮೇಲೆ, ಸೋಗೆಯಿಂದ ಮೈಯೆಲ್ಲ ತರಚಿಸಿಕೊಂಡು, ಕಸ್ತೂರಿರಂಗ ಬಿಕ್ಕಿ ಬಿಕ್ಕಿ ಅತ್ತ.

"ಅಳದು ನಿಲ್ಸಿ ಬುದ್ದಿ, ಎತ್ತು ಬೆದರ್ತವೆ" ಎಂದ ದೊಡ್ಡಸಿದ್ದಯ್ಯ. ಕತೆಯೆಲ್ಲ ಕೇಳಿಕೊಂಡು, "ಸರಿ, ಆಯಮ್ಮ ಸತ್ತೋಗಿದ್ರೆ ನೀವೇನ್ ಮಾಡೀರಿ?" ಎಂದು ಕೇಳಿದ.

"ನಾನೂ ಸಾಯ್ತೀನಿ."

"ಎಂಗೆ?"

ಎರಡು ವರ್ಷ ಅಷ್ಟು ಬರೆದಿದ್ದರೂ ಹೇಗೆ ಎನ್ನುವಷ್ಟು ದೂರ ಕಸ್ತೂರಿರಂಗ ಹೋಗಿರಲಿಲ್ಲ.

"ಕಾಲ್ವೆ ಅದೆ. ಆದ್ರೆ ಈಗ ನೀರು ನಿಲ್ಸವ್ರೆ, ಮಣಕಾಲುದ್ದನೂ ಇಲ್ಲ" ಎಂದು ದೊಡ್ಡಸಿದ್ದಯ್ಯನೇ ಯೋಚಿಸಿ ಹೇಳಿದ.

ಆ ಮಾತು ಕೇಳಿ ಕಸ್ತೂರಿರಂಗನ ಎದೆ ಹಗುರವಾಯಿತು. ಹಗುರವಾದದ್ದು ತಿಳಿದು ನಾಚಿಕೆಯಾಯಿತು. ಸಾಯಲು ಅವನಿಗೆ ಇಷ್ಟವೇ ಇರಲಿಲ್ಲ, ಎಂದೂ ಇರಲಿಲ್ಲ. ಅದಕ್ಕಿಂತ ಹೊಲಸಾದ ಇನ್ನೊಂದು ಯೋಚನೆ ಹಿಂದೆಯೇ ಬಂತು: ಅವಳು ನಿಜವಾಗಿ ಸತ್ತಿದ್ದರೆ ನನ್ನನ್ನು ಎಷ್ಟು ಪ್ರೀತಿಸಿದ್ದಳು ಎಂದು ಒಂದು ಗಳಿಗೆ ಜಂಬವಾಯಿತು. ಒಂದೇ ಗಳಿಗೆ. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಅವಳು ಬದುಕಿರಲಿ, ಬದುಕಿದ್ದರೆ ಇನ್ನು ಒಂದು ದಿನವೂ ಅವಳನ್ನು ಅಳಿಸುವುದಿಲ್ಲ ಎಂದು ಹರಕೆ ಹೊತ್ತ. ಎತ್ತುಗಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು.

ಮಂಡ್ಯದ ಅಯ್ಯಂಗಾರರ ಬೀದಿ ಸೇರುವಾಗ ನಾಲ್ಕು ಗಂಟೆ. ಆಂಡಾಳ್ ಮನೆಯ ಜಗಲಿಯಲ್ಲಿ ಹೆಂಗಸರು ಸೇರಿದ್ದರು. ಹಗ್ಗದ ಮೇಲೆ ಒದ್ದೆ ಸೀರೆ ತೊಟ್ಟಿಕ್ಕುತ್ತಿತ್ತು. ಹಿತ್ತಿಲಿನಿಂದ ಹೊಗೆ ಏಳುತ್ತಿತ್ತು.

ಪಕ್ಕದ ಮನೆಯ ಗೋದಮ್ಮನವರು ಅವನನ್ನು ಕಂಡರು. ತಲೆಯಲ್ಲಿ ಕಬ್ಬಿನ ಸೋಗೆ, ಒಂದು ಕಾಲಿಗೆ ಚಪ್ಪಲಿ, ಅತ್ತು ಊದಿದ ಕಣ್ಣು.

"ಯಾರಪ್ಪ ನೀನು?"

"ಮಳವಳ್ಳಿಯಿಂದ ಬಂದೆ. ನಾನು ಕಸ್ತೂರಿ..." ಎಂದವನಿಗೆ 'ರಂಗ' ಬಾಯಿಗೆ ಬರಲಿಲ್ಲ, ದುಃಖ ಉಕ್ಕಿತು.

"ಅಯ್ಯೋ, ಕಸ್ತೂರಿಯ ಅಣ್ಣನೇನಪ್ಪ" ಎಂದರು ಗೋದಮ್ಮ. "ಮಧ್ಯಾಹ್ನ ತಾನೇ ಕಾಗದ ಬಂತು. ಪಾಪ, ಯಾವಾಗ ನೋಡಿದ್ರೂ ಹೋಗ್ತೀನಿ ಹೋಗ್ತೀನಿ ಅಂತ ಬರೀತಿದ್ಳು, ಹೋಗೇಬಿಟ್ಳು."

"ಆಂಡಾಳ್?" ಎಂದು ಅವನು ಹೇಗೋ ಕೇಳಿದ.

"ತಲೆಗೆ ನೀರು ಹಾಕ್ಕೊಂಡು ಒಳಗಿದಾಳೆ. ಇರು, ಮಜ್ಜಿಗೆ ತರ್ತೀನಿ."

ಜಗಲಿಯ ಹೆಂಗಸರು ಸಾವಿನ ಮನೆಯವನೆಂದು ದೂರ ಸರಿದರು. ಆಂಡಾಳ್ ಬಾಗಿಲಿಗೆ ಬಂದಳು. ಕೂದಲು ಇನ್ನೂ ಒದ್ದೆ, ಹಣೆಯಲ್ಲಿ ಹೊಸ ಕುಂಕುಮ, ಜರಿಯಂಚಿನ ಸೀರೆ. ಅವಳು ಬದುಕಿದ್ದಳು. ಕಸ್ತೂರಿರಂಗ ಕೈ ಮುಗಿದುಬಿಟ್ಟ.

"ಆಂಡಾಳ್, ನಾನು ಸತ್ತಿಲ್ಲ. ಆ ಮೂಲೆ ಹರಿದದ್ದು ನಮ್ಮ ಪಂಡಿತರು, ಹಲ್ಲಿಗೆ ಅಡಿಕೆ..."

"ಮೆತ್ತಗೆ ಮಾತಾಡಿ. ಸತ್ತಿಲ್ಲ ಅಂತ ಗೊತ್ತು."

"ಗೊತ್ತೆ?"

"ಕಾರ್ಡು ಓದಿದೆ. ಎರಡು ಸಲ ಓದಿದೆ. ಪ್ರತಿ ವಾರದ ಹಾಗೇ ಬರೆದಿದ್ರಿ. ಸಾಯೋವ್ರು ಬೇರೆ ಥರ ಬರೀತಾರೆ ಅನ್ನಿಸ್ತು." ಅವಳ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಆಮೇಲೆ ಮೂಲೆ ಕಾಣಿಸ್ತು. ಎರಡು ವರ್ಷದಿಂದ ದೇವರ ಹತ್ರ ಒಂದು ದಾರಿ ಕೇಳ್ತಿದ್ದೆ. ಕಾರ್ಡು ಹರಿದು ಹಾಕಿ, ಕಸ್ತೂರಿ ಹೋಗ್ಬಿಟ್ಳಂತೆ, ಅವರಣ್ಣ ಬರೆದಿದಾರೆ ಅಂತ ಮನೇಲಿ ಹೇಳಿ ಸ್ನಾನ ಮಾಡಿದೆ."

"ನಾನು ಬದುಕಿದೀನಿ ಅಂತ ತಿಳಿದೂ?"

"ಹೌದು. ಆ ನೀರು ತಲೆ ಮೇಲೆ ಬಿದ್ದಾಗ ಎಷ್ಟು ಸುಖವಾಯ್ತು ಅಂತ ನಿಮಗೆ ಹೇಗೆ ಹೇಳ್ಲಿ. ಕೆರಗೋಡಿನವರು ಇವತ್ತು ಹೆಣ್ಣು ನೋಡೋಕೆ ಬರ್ತೀವಿ ಅಂತಿದ್ರು, ಬರ್ಲಿ ಅಂದೆ. ಐದು ಗಂಟೆಗೆ ಬರ್ತಾರೆ. ನನಗೋಸ್ಕರ ಸಾಯ್ತೀನಿ ಅಂತ ನೂರು ಕಾರ್ಡು ಬರೆದಿದ್ರಿ. ನಾನು ಒಂದಿನಾನೂ ಸಾಯಿ ಅಂತ ಕೇಳ್ಲಿಲ್ಲ. ಇವತ್ತು ಕೇಳ್ತಿದೀನಿ. ದಯವಿಟ್ಟು ಸತ್ತೇ ಇರಿ."

ಅಷ್ಟರಲ್ಲಿ ಅವಳ ತಂದೆ ಚಲುವನಾರಾಯಣ ಅಯ್ಯಂಗಾರ್ಯರು ಮಡಿ ಪಂಚೆ ಉಟ್ಟು ಬಂದರು, ಹಿಂದೆಯೇ ಗೋದಮ್ಮ ಮಜ್ಜಿಗೆ ತಂದು ದೂರದಿಂದಲೇ ಕೆಳಗಿಟ್ಟರು.

"ಕಸ್ತೂರಿಯ ಅಣ್ಣನಂತೆ. ಸಣ್ಣ ವಯಸ್ಸು, ಹೀಗಾಗಬಾರದಿತ್ತು. ಏನಾಗಿತ್ತು?" ಎಂದು ಅಯ್ಯಂಗಾರ್ಯರು ಕೇಳಿದರು.

ಕಸ್ತೂರಿರಂಗ ತನ್ನ ಸಾವನ್ನು ನೂರು ಕಾರ್ಡಿನಲ್ಲಿ ಸೂಚಿಸಿದ್ದವನು. ಆ ಪರದೇಶದ ಕತೆಯ ವಿಷ, ಕತ್ತಿ, ಬೆಳದಿಂಗಳು, ಒಂದೂ ಈಗ ನೆನಪಿಗೆ ಬರಲಿಲ್ಲ. ಆಂಡಾಳ್ ಕಂಬ ಹಿಡಿದು ನಿಂತು ಅವನ ಬಾಯನ್ನೇ ನೋಡುತ್ತಿದ್ದಳು.

"ಜ್ವರ" ಎಂದ. "ಎರಡು ದಿನದ್ದು."

"ಅಷ್ಟೇನಾ" ಎಂದರು ಗೋದಮ್ಮ. ಅವರು ಇನ್ನೂ ಹೆಚ್ಚಿನದನ್ನು ನಿರೀಕ್ಷಿಸಿದ್ದರು. "ಕೊನೇಲಿ ನಮ್ಮ ಆಂಡಾಳ್ ಹೆಸರು ಹೇಳಿರ್ಬೇಕು, ಅಲ್ವೇ?"

ಹೌದೆಂದರೆ ಆ ಹೆಸರು ಬೀದಿ ತುಂಬ ಆಡುತ್ತದೆ, ಅವಳ ಕೊರಳಿಗೆ ಇನ್ನೆಷ್ಟು ವರ್ಷ ಜೋತುಬೀಳುತ್ತದೋ. ಅವನು ನೆಲ ನೋಡಿದ.

"ಇಲ್ಲ. ಯಾರ ಹೆಸರೂ ಹೇಳ್ಲಿಲ್ಲ."

ಆಂಡಾಳ್ ಕಂಬ ಬಿಟ್ಟು ಒಳಗೆ ಹೋದಳು. ಅಯ್ಯಂಗಾರ್ಯರು ಬೀದಿಯ ಕಡೆ ನೋಡಿ ಕೈ ಹಿಸುಕಿಕೊಂಡರು. "ತಪ್ಪು ತಿಳ್ಕೋಬೇಡಿ. ಮನೇಲಿ ಶುಭ ಕಾರ್ಯ, ಅವರು ಬರೋ ಹೊತ್ತು. ನೀವು ಸೂತಕದವರು, ಎದುರಿಗೆ ಬರಬಾರದು. ಹಿತ್ತಿಲ ಕಡೆಯಿಂದ ಹೋದ್ರೆ ಉಪಕಾರ."

ಕಸ್ತೂರಿರಂಗ ಮಜ್ಜಿಗೆ ಕುಡಿಯಲಿಲ್ಲ. ಹಿತ್ತಿಲಲ್ಲಿ ಬಾಣಲೆಯ ಮುಂದೆ ಯಾರೋ ಬೋಂಡ ಕರಿಯುತ್ತಿದ್ದರು. ಬೇಲಿ ದಾಟಿ ಓಣಿಗೆ ಇಳಿಯುವಾಗ, ಅವನು ನಿಂತಿದ್ದ ಜಾಗಕ್ಕೆ ನೀರು ಸುರಿಯುತ್ತ ಗೋದಮ್ಮನವರು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು.

"ಕಾಗದದಲ್ಲಿ ಅಷ್ಟೊಂದು ಪ್ರಾಣ ಬಿಡ್ತಿದ್ಳು ನೋಡಿ. ಸಾಯೋವಾಗ ಹೆಸರು ಕೂಡ ಎತ್ತಲಿಲ್ವಂತೆ. ಅವಳದೂ ಒಂದು ಪ್ರೀತಿ."